ಕೊನೆಯ ಹಾಳೆಯವರೆಗೆ ಓದಿಸಿದ ಅಕ್ಕಾರು

ಜಗಲಿಯ ಮೇಲೆ ಅವತ್ತು ಇದ್ದವರು ನಾಲ್ವರು. ಕಂಬಕ್ಕೆ ಬೆನ್ನು ಕೊಟ್ಟು ಮೊರದಲ್ಲಿ ಶೇಂಗಾ ಸುಲಿಯುತ್ತಿದ್ದ ಅವ್ವ. ಅವರ ಪಕ್ಕದಲ್ಲಿ, ಗಿರಣಿಯಿಂದ ಆಗಷ್ಟೇ ಬಂದು ಸೆರಗಿಗೆ ಅಂಟಿದ ಹತ್ತಿಯ ಎಳೆಗಳನ್ನು ಬಿಡಿಸಿಕೊಳ್ಳುತ್ತಿದ್ದ ಅಕ್ಕಾರು. ಎದುರಿಗೆ ಚಾಪೆಯ ಮೇಲೆ ನಾನು, ನನ್ನ ಪಕ್ಕ ಶ್ರೀಧರ. ಶ್ರೀಧರನ ತೊಡೆಯ ಮೇಲೆ ದಪ್ಪನೆಯ ಕಾನೂನಿನ ಪುಸ್ತಕ. ಹಿಂದಿನ ಓಣಿಯ ಮಂಡಕ್ಕಿ ಭಟ್ಟಿಗಳಲ್ಲಿ ಮರಳು ಕಾಯುತ್ತಿತ್ತು. ಆ ಕಾಲದಲ್ಲಿ ದಾವಣಗೆರೆಯ ಆ ಭಾಗಕ್ಕೆ ಸಂಜೆಯಾಯಿತೆಂದು ಹೇಳುತ್ತಿದ್ದುದು ಆ ಕಾದ ಮರಳಿನ ವಾಸನೆಯೇ.

ನಾವಿಬ್ಬರೂ ಸಮಾಜಕಾರ್ಯದ ವಿದ್ಯಾರ್ಥಿಗಳು. ಕಾಲೇಜಿನಲ್ಲಿ ಕೇಳಿದ ಪಾಠ ಜನರ ನಡುವೆ ಹೇಗೆ ನಡೆಯುತ್ತದೋ ನೋಡಿಕೊಂಡು ಬನ್ನಿ ಎಂದು ನಮ್ಮನ್ನು ಅಲ್ಲಿನ ಒಂದು ಹತ್ತಿ ಗಿರಣಿಗೆ ಕೆಲವು ತಿಂಗಳ ಮಟ್ಟಿಗೆ ಕಳಿಸಿದ್ದರು. ಅಕ್ಕಾರು ಆ ಗಿರಣಿಯ ಕಲ್ಯಾಣಾಧಿಕಾರಿ. ನಮ್ಮನ್ನು ತಿದ್ದುವ ಹೊಣೆ ಅವರದು. ಶ್ರೀಧರ ಮೈಸೂರಿನವನು, ಹಾಸ್ಟೆಲಿನಲ್ಲಿ ಇಳಿದಿದ್ದ. ನಾನು ಕೊಂಡಜ್ಜಿಯವಳು. ಹುಡುಗಿ ಒಬ್ಬಳೇ ಎಲ್ಲಿರುತ್ತಾಳೆ ಎಂದು ಅಕ್ಕಾರು ನನ್ನನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡಿದ್ದರು. ಅವ್ವ ಎಂದರೆ ಅವರ ತಾಯಿ.

"ಹೂಂ, ಹೆರಿಗೆ ಕಾಯ್ದೆ ಅವ್ವಗೆ ಹೇಳಪ್ಪ," ಎಂದರು ಅಕ್ಕಾರು.

ಶ್ರೀಧರ ನಮ್ಮ ತರಗತಿಗೇ ಮೊದಲಿಗ. ಪುಸ್ತಕ ತೆರೆಯದೆ ಹೇಳಿದ. ಕಾಯ್ದೆ ಯಾರಿಗೆ ಅನ್ವಯಿಸುತ್ತದೆ, ನೋಟೀಸು ಯಾವಾಗ ಕೊಡಬೇಕು, ರಜೆಯಲ್ಲಿದ್ದಾಗ ಕೆಲಸದಿಂದ ತೆಗೆದರೆ ಯಾವ ಸೆಕ್ಷನ್ ಪ್ರಕಾರ ತಪ್ಪಾಗುತ್ತದೆ, ಎಲ್ಲ ಬಂತು. ಅವ್ವ ನಡುವೆ ಬಾಯಿ ಹಾಕಲಿಲ್ಲ, ಶೇಂಗಾ ಸುಲಿಯುವ ಕೈಯನ್ನೂ ನಿಲ್ಲಿಸಲಿಲ್ಲ. ಅವನು ಮುಗಿಸಿದ ಮೇಲೆ ಮೊರದ ಸಿಪ್ಪೆಯನ್ನು ಊದಿ ಕೇಳಿದರು:

"ಎಲ್ಲಾ ಚೆಂದಾಗಿ ಹೇಳ್ದಿ ತಮ್ಮಾ. ಹಂಗಾರೆ ನಾಳೆ ಬೆಳಿಗ್ಗೆ ನಾ ಎಲ್ಲಿಗೆ ಹೋಗ್ಲಿ?"

ಶ್ರೀಧರ ಪುಸ್ತಕದ ಕಡೆ ನೋಡಿದ. ಅಕ್ಕಾರು ಹತ್ತಿಯ ಎಳೆಯನ್ನು ಬೆರಳಿನಿಂದ ಉಂಡೆ ಮಾಡಿ ಎಸೆದು, "ಪಾಸಾಗ್ಲಿಲ್ಲ. ಅಂಗಡಿಗೆ ಹೋಗಿ ಮಿರ್ಚಿ ತಗಂಬಾ," ಎಂದರು.

ಮಿರ್ಚಿಯ ಕಾರಣ ಬೇರೆ. ಆ ಜಗಲಿಯ ಮೇಲೆ 'ಸೆಕ್ಷನ್' ಎನ್ನುವ ಮಾತು ಆಡಕೂಡದು. ಆಡಿದವರು ಓಣಿಯ ತುದಿಯ ಅಂಗಡಿಯಿಂದ ಎಲ್ಲರಿಗೂ ಬಿಸಿ ಮಿರ್ಚಿ ತರಬೇಕು, ಮಂಡಕ್ಕಿ ಮನೆಯದು. ಈ ನಿಯಮ ಅಕ್ಕಾರದೇ. ಒಮ್ಮೆ ಗಿರಣಿಯ ಯಾವುದೋ ಜಗಳ ಹೇಳುವ ಭರದಲ್ಲಿ ಅವರ ಬಾಯಿಂದಲೇ ಆ ಮಾತು ಜಾರಿತು. ನಾವು ಕೇಳಿಸದವರಂತೆ ಕೂತೆವು. ಅವ್ವ ಮಾತ್ರ ಮಗಳ ಚಪ್ಪಲಿಯ ಕಡೆ ಕೈ ತೋರಿಸಿದರು. ಅಕ್ಕಾರು ಕಥೆಯನ್ನು ಅಲ್ಲಿಗೇ ಬಿಟ್ಟು, ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.

ಅವರ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ. ಆ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕಾರು ಎನ್ನುತ್ತಾರೆ. ಇವರು ಯಾವ ಶಾಲೆಯಲ್ಲೂ ಕಲಿಸಿದವರಲ್ಲ, ಆದರೂ ಗಿರಣಿಗೆ, ಓಣಿಗೆ, ಹರಿಹರದ ರೈಲಿನಲ್ಲಿ ಬಂದು ಹೋಗುವ ಕೂಲಿಯವರಿಗೆಲ್ಲ ಅವರು ಅಕ್ಕಾರೇ. ಹೆಸರು ಹೇಳಿದ್ದರೆ ಅವರ ಮನೆಯ ದಾರಿ ಯಾರಿಗೂ ತಿಳಿಯುತ್ತಿರಲಿಲ್ಲ. ಮೊನ್ನೆ ಅವರು ತೀರಿಕೊಂಡರೆಂದು ಶ್ರೀಧರ ಫೋನಿನಲ್ಲಿ ಹೇಳಿದಾಗ, "ಅಕ್ಕಾರು ಹೋದ್ರಂತೆ," ಎಂದಷ್ಟೇ ಅಂದ. ಇಷ್ಟು ವರ್ಷ ಮೈಸೂರಿನಲ್ಲೇ ಇದ್ದವನ ಬಾಯಲ್ಲೂ ಆ ಮಾತು ಹಾಗೇ ಉಳಿದಿತ್ತು.

ಕುಳ್ಳಗಿನ ಜೀವ. ಮಗ್ಗಗಳ ಸದ್ದಿನ ನಡುವೆ ಮಾತಾಡಿ ಮಾತಾಡಿ ದನಿ ಎತ್ತರವಾಗಿತ್ತು. ಮನೆಯಲ್ಲಿ ಅವರು ಸಾರಿಗೆ ಉಪ್ಪು ಸಾಲದೆಂದರೆ ಓಣಿಗೆಲ್ಲ ತಿಳಿಯುತ್ತಿತ್ತು. ವಕೀಲಿ ಪರೀಕ್ಷೆ ಪಾಸು ಮಾಡಿದ್ದರು, ಕೋರ್ಟಿಗೆ ಮಾತ್ರ ಹೋಗಲಿಲ್ಲ. ಯಾಕೆಂದು ನಾನು ಒಮ್ಮೆ ಕೇಳಿದ್ದೆ. "ಕರೀ ಕೋಟು ಹಾಕ್ಕಂಡ್ರೆ ಜನ ಎದುರಿಗೆ ನಿಂತ್ಕಂಡು ಮಾತಾಡ್ತಾರವ್ವ. ನನಗೆ ಕೂತು ಮಾತಾಡೋರು ಬೇಕು," ಎಂದಿದ್ದರು. ಗಿರಣಿಯ ಬಾಗಿಲ ಪಕ್ಕದ ಅವರ ಕೋಣೆಯಲ್ಲಿ ಮೇಜು ಗೋಡೆಗೆ ಒತ್ತಿಕೊಂಡಿತ್ತು. ಬಂದವರೂ ಅವರೂ ಒಂದೇ ಬೆಂಚಿನ ಮೇಲೆ ಪಕ್ಕಪಕ್ಕ ಕೂಡುವುದು. ಬಂದವರು ಕಷ್ಟ ಹೇಳತೊಡಗಿದರೆ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಳ್ಳುವರು. ತೆಗೆದರೆ ಕಿವಿ ಚೆನ್ನಾಗಿ ಕೇಳುತ್ತದೆಂದು ಅವರ ನಂಬಿಕೆ.

ಧೈರ್ಯದ ಹೆಂಗಸು ಎಂದು ಅವರ ಬಗ್ಗೆ ಎಲ್ಲರೂ ಹೇಳುವರು. ನನಗೆ ಕಂಡದ್ದು ಧೈರ್ಯಕ್ಕಿಂತ ಅವರ ತುಂಟತನ. ಗಿರಣಿಯಲ್ಲಿ ಹೆಂಗಸರು ಹೆಚ್ಚಿದ್ದರೆ ಅವರ ಕೂಸುಗಳಿಗೆ ಒಂದು ಕೋಣೆ ಇರಬೇಕೆಂದು ಕಾಯ್ದೆ. ನಮ್ಮ ಗಿರಣಿಯಲ್ಲೂ ಇತ್ತು. ಬಾಗಿಲ ಮೇಲೆ 'ಶಿಶುಪಾಲನಾ ಕೋಣೆ' ಎಂದು ಬೋರ್ಡು, ಒಳಗೆ ಸೂರಿನವರೆಗೆ ನೂಲಿನ ಬೇಲುಗಳು, ಎಂದರೆ ಬಿಗಿದು ಕಟ್ಟಿದ ಮೂಟೆಗಳು. ಸರ್ಕಾರದ ಇನ್‌ಸ್ಪೆಕ್ಟರು ಬರುವ ದಿನ ಬೇಲು ಹೊರಗೆ, ತೊಟ್ಟಿಲು ಒಳಗೆ. ಅವರು ಹೋದ ಮೇಲೆ ತೊಟ್ಟಿಲು ಹೊರಗೆ, ಬೇಲು ಒಳಗೆ. ಶ್ರೀಧರ ಇದನ್ನು ಕಂಡು ಕೆಂಡವಾದ. ಮೇಲಿನವರಿಗೆ ಉದ್ದನೆಯ ದೂರು ಬರೆಯಲು ಕೂತ. ಬರಿ, ಅಕ್ಷರ ಚೆನ್ನಾಗಿರಲಿ, ಎಂದು ಹೇಳಿ ಅಕ್ಕಾರು ರೀಲಿಂಗ್ ಖಾತೆಯ ಕಡೆ ಹೋದರು. ರೀಲಿಂಗ್ ಎಂದರೆ ನೂಲನ್ನು ಲಡಿ ಸುತ್ತುವ ಕೆಲಸ, ಪೂರಾ ಹೆಂಗಸರದು. ಅಲ್ಲಿ ಏನು ಹೇಳಿದರೋ, ಮುಂದಿನ ಸೋಮವಾರ ಪ್ರತಿ ತಾಯಿಯ ಬಗಲಲ್ಲೂ ಒಂದು ಕೂಸು. ಗೇಟಿನಲ್ಲಿ ಜಾತ್ರೆಯ ಗದ್ದಲ. ಮ್ಯಾನೇಜರು ಓಡಿ ಬಂದು ಏನಮ್ಮಾ ಇದು ಎಂದು ಕೇಳಿದರು. ಅಕ್ಕಾರು ತಣ್ಣಗೆ ಹೇಳಿದರು:

"ನೀವು ಬೋರ್ಡ್ ಹಾಕಿದ್ದೀರಲ್ಲ ಸಾರ್, ಮಕ್ಳು ಓದ್ಕಂಡು ಬಂದಾವೆ."

ಮಧ್ಯಾಹ್ನದೊಳಗೆ ಬೇಲುಗಳು ಗೋದಾಮಿಗೆ ಹೋದವು. ಶ್ರೀಧರನ ದೂರು ಅರ್ಧಕ್ಕೇ ನಿಂತಿತು. ನೀನು ಗಿರಣಿಯ ಸಂಬಳ ತಿಂದು ಆಳುಗಳ ಕೆಲಸ ಮಾಡುತ್ತೀ ಎಂದು ಮ್ಯಾನೇಜರು ಆಗಾಗ ಅನ್ನುವುದಿತ್ತು. ಗಿರಣಿ ನಡೆಸುವವರು ಆ ಆಳುಗಳೇ ಅಲ್ಲವೇ ಎಂದು ಅಕ್ಕಾರು ಕೇಳುವರು. ಕೇಳಿ, ನಿಮ್ಮ ಮನೆಯವರ ಮಂಡಿನೋವು ಹೇಗಿದೆ ಎಂದು ವಿಚಾರಿಸುವರು. ಆ ಮನುಷ್ಯನಿಗೆ ಸಿಟ್ಟು ಹಿಡಿದುಕೊಳ್ಳಲು ಅವರು ಬಿಡುತ್ತಲೇ ಇರಲಿಲ್ಲ.

ಆದರೆ ಅಕ್ಕಾರು ಎಂದರೆ ನನಗೆ ಮೊದಲು ನೆನಪಾಗುವುದು ಹನುಮವ್ವನ ವಿಷಯ.

ಹನುಮವ್ವ ರೀಲಿಂಗ್ ಖಾತೆಯವಳು. ತವರು ಊರಿನ ಅಂಚಿನ ಆವರಗೆರೆ. ಚಿಕ್ಕಂದಿನಲ್ಲೇ ಸಾರಥಿ ಎಂಬ ಊರಿಗೆ ಕೊಟ್ಟಿದ್ದರು. ಆ ಗಂಡ ಸರಿಹೋಗಲಿಲ್ಲ. ಅವರ ಪೈಕಿಯಲ್ಲಿ ಇಂಥದಕ್ಕೆ ಒಂದು ಪದ್ಧತಿ ಇತ್ತು. ಕುಲದ ಹಿರಿಯರು ಸೇರುವುದಕ್ಕೆ ದೈವ ಎನ್ನುತ್ತಾರೆ. ದೈವದವರು ಗುಡಿಯ ಕಟ್ಟೆಯ ಮೇಲೆ ಕೂತು ಇಬ್ಬರ ಮಾತನ್ನೂ ಕೇಳಿ, ಕೂಡಿಸಲಾಗದೆಂದು ಕಂಡರೆ ಗಂಡಹೆಂಡಿರ ಕೈಯಲ್ಲಿ ಒಂದೇ ವೀಳ್ಯದೆಲೆ ಹಿಡಿಸಿ ಎರಡಾಗಿ ಹರಿಸುವರು. ಅಲ್ಲಿಗೆ ಬಿಡುಗಡೆ. ಹೆಣ್ಣು ಮತ್ತೆ ಗಂಡು ನೋಡಿಕೊಳ್ಳಬಹುದು. ಆ ಎರಡನೆಯ ಮದುವೆಗೆ ಉಡಿಕೆ ಎನ್ನುತ್ತಾರೆ. ಗಂಡಿನ ಕಡೆಯವರು ತಂದ ಸೀರೆ ಉಟ್ಟರಾಯಿತು, ವಾಲಗವಿಲ್ಲ, ಚಪ್ಪರವಿಲ್ಲ. ಹನುಮವ್ವನೂ ಹಾಗೆ ಬಿಡುಗಡೆಯಾಗಿ, ಹರಿಹರದ ಒಂದು ಎರಕದ ಶೆಡ್ಡಿನಲ್ಲಿ ಕೆಲಸ ಮಾಡುವ ಹಾಲಪ್ಪನನ್ನು ಉಡಿಕೆಯಾಗಿದ್ದಳು. ಹೊಳೆಯ ದಂಡೆಯ ಹತ್ತಿರ ಮನೆ, ಒಂದು ಹೆಣ್ಣುಕೂಸು. ದಿನಾ ರೈಲಿನಲ್ಲಿ ಬಂದು ಹೋಗುವಳು.

ಇಷ್ಟು ವರ್ಷ ಸುಮ್ಮನಿದ್ದ ಮೊದಲ ಗಂಡ ಒಂದು ದಿನ ಗಿರಣಿಯ ಗೇಟಿಗೆ ಬಂದ. ಅವನ ತಾಯಿ ಹಾಸಿಗೆ ಹಿಡಿದಿದ್ದಳು, ಮಾಡಿ ಹಾಕುವವರು ಬೇಕಿತ್ತು. ಯಾರೋ ಅವನ ತಲೆಗೆ ತುಂಬಿದ್ದರು. ಈಗ ಹೊಸ ಕಾಯ್ದೆ ಬಂದಿದೆ, ದೈವದ ಬಿಡುಗಡೆ ನಡೆಯುವುದಿಲ್ಲ, ಅವಳು ಇನ್ನೂ ನಿನ್ನ ಹೆಂಡತಿಯೇ ಎಂದು. ಬರದಿದ್ದರೆ ಪೊಲೀಸಿಗೆ ಕೊಡುತ್ತೇನೆ ಎಂದು ಹೆದರಿಸಿ ಹೋಗಿದ್ದ.

ಹನುಮವ್ವ ಮಗುವನ್ನು ತೊಟ್ಟಿಲ ಕೋಣೆಯಿಂದ ಎತ್ತಿಕೊಂಡು ಅಕ್ಕಾರನ್ನು ಕೇಳಲು ಬಂದಳು. ಅಕ್ಕಾರು ಅವತ್ತು ಕಾಯಿಲೆಯ ಆಳೊಬ್ಬನನ್ನು ನೋಡಲು ಹೋಗಿದ್ದರು. ನಾನು ಕೂಸುಗಳ ಕೋಣೆಯಲ್ಲಿದ್ದೆ. ಬೆಂಚಿನ ಮೇಲೆ ಇದ್ದವನು ಶ್ರೀಧರ ಒಬ್ಬನೇ. ಅವನಿಗೆ ಕಾಯ್ದೆ ಗೊತ್ತಿತ್ತು. ವಿಚ್ಛೇದನವಾಗಬೇಕಾದರೆ ಕೋರ್ಟಿನಿಂದಲೇ ಆಗಬೇಕು, ಮೊದಲ ಗಂಡ ಬದುಕಿರುವಾಗ ಮಾಡಿಕೊಂಡ ಎರಡನೆಯ ಮದುವೆ ನಿಲ್ಲುವುದಿಲ್ಲ ಎಂದು ಪುಸ್ತಕ ತೆರೆದು ಬೆರಳಿಟ್ಟು ತೋರಿಸಿದ. ಕೆಟ್ಟ ಮನಸ್ಸಿನಿಂದಲ್ಲ. ಅಣ್ಣನಂತೆ, ಕನಿಕರದಿಂದಲೇ ಹೇಳಿದ. ನಾನು ವಾಪಸು ಬಂದಾಗ ಹನುಮವ್ವ ಬಾಗಿಲು ದಾಟುತ್ತಿದ್ದಳು. ಮಾತಾಡಿಸಿದರೆ ತಲೆ ಎತ್ತಲಿಲ್ಲ.

ಮಾರನೆಯ ದಿನ ಅವಳು ಕೆಲಸಕ್ಕೆ ಬರಲಿಲ್ಲ. ಮಧ್ಯಾಹ್ನ ಹಾಲಪ್ಪ ಬಂದ. ಶೆಡ್ಡಿನಿಂದ ಹಾಗೇ ಹೊರಟು ಬಂದವನು, ಮೊಣಕೈವರೆಗೆ ಎರಕದ ಕರಿ ಮರಳು. ಅಕ್ಕಾರು ಎಷ್ಟು ಹೇಳಿದರೂ ಕೂಡಲಿಲ್ಲ. ನಿನ್ನೆ ಸಂಜೆಯ ರೈಲಿಗೆ ಹೆಂಡತಿ ಬರಲಿಲ್ಲವೆಂದು ಹುಡುಕಿಕೊಂಡು ಆವರಗೆರೆಗೆ ಹೋದೆ ಎಂದ. ಅಣ್ಣನ ಮನೆಯಲ್ಲಿ ಬಾಗಿಲ ಹಿಂದೆ ನಿಂತುಕೊಂಡೇ ಮಾತಾಡಿದಳು, ಹೊರಗೆ ಬರಲಿಲ್ಲ ಎಂದ.

"ನಾ ನಿನ್ ಹೆಂಡ್ತಿ ಅಲ್ಲಂತೆ, ಪುಸ್ತಕದಾಗೆ ಐತಂತೆ ಅಂತಾಳ್ರಿ. ಹಂಗಾರೆ ಆ ಕೂಸು ನಂದಲ್ಲ ಅಂತಾನೂ ಪುಸ್ತಕದಾಗೆ ಐತೇನ್ರಿ ಅಕ್ಕಾರೆ?"

ಅಕ್ಕಾರು ಕನ್ನಡಕ ತೆಗೆದರು. ಶ್ರೀಧರ ಗೋಡೆಯ ಕಡೆ ತಿರುಗಿದ. ಹಾಲಪ್ಪನಿಗೆ ಚಹ ತರಿಸಿ, ಮಗು ನಿನ್ನದೇ, ಅದರಲ್ಲಿ ಅನುಮಾನ ಬೇಡ, ಮಿಕ್ಕದ್ದನ್ನು ನಾಲ್ಕು ದಿನ ತಡೆದು ಹೇಳುತ್ತೇನೆ, ಅಲ್ಲಿಯವರೆಗೆ ಆವರಗೆರೆಯಲ್ಲಿ ಜಗಳ ತೆಗೆಯಬೇಡ ಎಂದು ಹೇಳಿ ಕಳಿಸಿದರು.

ಆಮೇಲೆ ಶ್ರೀಧರನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ನಾನು ಬೈಗುಳಕ್ಕೆ ಕಾದು ನಿಂತಿದ್ದೆ.

"ಪುಸ್ತಕ ತಗಿ. ಆಕಿಗೆ ಏನ್ ಓದಿ ಹೇಳ್ದಿ, ಅದನ್ನ ಓದು," ಎಂದರು. ಓದಿದ. "ಮುಂದೆ ಓದು." ಓದಿದ. ಒಂದು ಕಡೆ ನಿಲ್ಲಿಸಿದರೆ ಮತ್ತೆ, "ಮುಂದೆ." ಓದುತ್ತಾ ಓದುತ್ತಾ ಅವನ ದನಿ ಇಳಿಯಿತು. ಆ ಕಾಯ್ದೆಯ ಕೊನೆಯ ಹಾಳೆಗೆ ಬಂದಾಗ ನಿಂತೇಹೋಯಿತು. ರೂಢಿಯಿಂದ ಒಪ್ಪಿಕೊಂಡು ಬಂದ ಬಿಡುಗಡೆಯ ಹಕ್ಕಿಗೆ ಈ ಕಾಯ್ದೆಯಿಂದ ಬಾಧೆ ಇಲ್ಲ ಎಂದು ಅಲ್ಲಿ ಬರೆದಿತ್ತು. ಕಾಲೇಜಿನಲ್ಲಿ ಆ ಹಾಳೆಯನ್ನು ನಮಗೆ ಪರೀಕ್ಷೆಗೆ ಇಟ್ಟಿರಲಿಲ್ಲ.

"ಮೊದಲ್ನೇ ಹಾಳ್ಯಾಗೆ ಸರ್ಕಾರ ಇರ್ತೈತೆ ತಮ್ಮಾ," ಎಂದರು ಅಕ್ಕಾರು. "ನಮ್ ಜನ ಕೊನೇ ಹಾಳ್ಯಾಗೆ ಇರ್ತಾರೆ."

ಶ್ರೀಧರ ತಟ್ಟನೆ ಎದ್ದ. ಈಗಲೇ ಆವರಗೆರೆಗೆ ಹೋಗಿ, ನಿಮ್ಮ ಮದುವೆ ಸರಿಯಾಗಿದೆ ಎಂದು ಹೇಳಿ ಬರುತ್ತೇನೆ ಎಂದ. ಅಕ್ಕಾರು ಅವನ ಅಂಗಿಯ ತುದಿ ಹಿಡಿದು ಮತ್ತೆ ಕೂರಿಸಿದರು.

"ನಿನ್ನೆ ಒಂದ್ ಅರ್ಧ ಹೇಳಿ ಕಳಿಸ್ದಿ. ಇವತ್ತು ಇನ್ನೊಂದ್ ಅರ್ಧ ಹೇಳಕ್ಕೆ ಹೊಂಟಿಯಾ? ರೂಢಿ ಐತೆ ಅಂತ ನೀ ಅಂದ್ರೆ ಆಗಲ್ಲ. ಹಿಂದಿನಿಂದ ನಡ್ಕಂಡ್ ಬಂದೈತೆ ಅಂತ ಯಾರನ್ನ ಕೇಳಿದ್ರೂ ಹೇಳಂಗಿರ್ಬೇಕು. ಮೊದ್ಲು ಅದನ್ನ ತಿಳ್ಕಂಬಾ."

ಹೀಗೆ ನಾವು ಸಾರಥಿಗೆ ಹೋದೆವು. ಹೋಗುವ ಮುಂಚೆ ಅಕ್ಕಾರು ಕೇಳುವ ಕ್ರಮವನ್ನೂ ಹೇಳಿಕೊಟ್ಟರು. ನಿಮ್ಮಲ್ಲಿ ಬಿಡುಗಡೆಯ ಪದ್ಧತಿ ಇದೆಯೇ ಎಂದು ಕೇಳಬಾರದು. ಕೇಳಿದರೆ ಇದೆ ಎನ್ನುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ಯಾರಿಗೆ ಆಗಿತ್ತು, ಕಟ್ಟೆಯ ಮೇಲೆ ಯಾರು ಕೂತಿದ್ದರು, ಆಮೇಲೆ ಆ ಹೆಣ್ಣು ಎಲ್ಲಿ ಬಾಳಿದಳು, ಅವಳ ಮಕ್ಕಳ ಮದುವೆಗೆ ಕುಲದವರು ಬಂದರೋ ಇಲ್ಲವೋ, ಇದನ್ನು ಕೇಳಬೇಕು. ಈ ಪಾಠ ನನಗೆ ಇಂದಿಗೂ ಅನ್ನ ಹಾಕುತ್ತಿದೆ.

ಹನುಮವ್ವನ ಬಿಡುಗಡೆಯ ದಿನ ಕಟ್ಟೆಯ ಮೇಲೆ ಕೂತಿದ್ದ ಮುರಿಗೆಪ್ಪಜ್ಜ ಸಾರಥಿಯಲ್ಲಿ ಇನ್ನೂ ಗಟ್ಟಿಯಾಗಿದ್ದರು. ಕಣದಲ್ಲಿ ಹಗ್ಗ ಹೊಸೆಯುತ್ತಿದ್ದರು. ನಾವು ಬಂದ ವಿಷಯ ಕೇಳಿ ಶ್ರೀಧರನನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

"ಮೈಸೂರ್ನೋರಾ? ನಿಮ್ಮಪ್ಪಾರು ನಿಮ್ಮವ್ವಾರನ್ನ ಮದ್ವೆ ಆಗಿದ್ದಕ್ಕೆ ಏನ್ ಗುರ್ತು ಐತೆ ಹೇಳ್ರಿ ನೋಡಾನ."

ಶ್ರೀಧರ ತಡವರಿಸಿದ. ಎಲ್ಲರಿಗೂ ಗೊತ್ತಿದೆಯಲ್ಲ ಅಜ್ಜಾ, ಎಂದ.

"ಹಂಗೇ ಇದೂ ಎಲ್ಲಾರಿಗೂ ಗೊತ್ತೈತೆ," ಎಂದು ಅಜ್ಜ ಹಗ್ಗದ ಇನ್ನೊಂದು ತುದಿಯನ್ನು ಅವನ ಕೈಗೆ ಕೊಟ್ಟು ಹಿಡಿದುಕೊಳ್ಳಲು ಹೇಳಿದರು.

ಆ ಹಗ್ಗ ಹಿಡಿದುಕೊಂಡೇ ಶ್ರೀಧರ ಕೇಳಿದ, ಅಜ್ಜ ಹೊಸೆಯುತ್ತಲೇ ಹೇಳಿದರು. ಅಜ್ಜನ ಸೋದರತ್ತೆಯೊಬ್ಬಳು ಹೀಗೆ ಬಿಡುಗಡೆಯಾಗಿ ಹೊಳೆಯಾಚೆ ಉಡಿಕೆಯಾಗಿ ಹೋದವಳು. ಅವಳ ಮೊಮ್ಮಗನ ಮದುವೆಗೆ ಇಡೀ ಸಾರಥಿ ಗಾಡಿ ಕಟ್ಟಿಕೊಂಡು ಹೋಗಿತ್ತು. ಅಜ್ಜನ ತಂದೆಯ ಕಾಲದ ಇನ್ನೊಂದು, ಅದಕ್ಕೂ ಹಿಂದಿನದು ಮತ್ತೊಂದು. ಪಕ್ಕದ ಮನೆಯ ಮುದುಕಿ ಕಣಕ್ಕೇ ಬಂದು ಕೂತು ತನ್ನದನ್ನು ತಾನೇ ಹೇಳಿದಳು. ಮೊದಲ ಗಂಡನ ಊರನ್ನು ಹೇಳಲು ನಾಚಿ ಕೈಯಿಂದ ದಿಕ್ಕು ತೋರಿಸಿದಳು. ವಾಪಸು ಬರುವಾಗ ಶ್ರೀಧರನ ಅಂಗೈ ಕೆಂಪಾಗಿತ್ತು. ಅಜ್ಜ ಮಾತು ಕೊಟ್ಟಿದ್ದರು. ಎಲ್ಲಿ ಕರೆದರೆ ಅಲ್ಲಿ ಬಂದು ಹೇಳುತ್ತೇನೆ, ಕೋರ್ಟಾದರೂ ಸರಿ, ಬರುವಾಗ ಒಂದು ಹೊಸ ರುಮಾಲು ಮಾತ್ರ ಬೇಕು ಎಂದು.

ಇನ್ನು ಹನುಮವ್ವನಿಗೆ ಹೇಳುವುದು. ಅಕ್ಕಾರು ತಾವೇ ಹೋಗಿ ಹೇಳಬಹುದಿತ್ತು. ಅವರು ಹೇಳಿದರೆ ಅವಳು ನಂಬುತ್ತಿದ್ದಳು ಕೂಡ. ನಾನು ಹಾಗೆಂದಾಗ, ಮಾತು ಯಾರ ಬಾಯಿಂದ ಹೋಗಿದೆಯೋ ಅವರ ಬಾಯಿಂದಲೇ ವಾಪಸು ಬರಬೇಕು, ಇಲ್ಲದಿದ್ದರೆ ಅವಳ ಕಿವಿಯಲ್ಲಿ ಎರಡೂ ಉಳಿದುಕೊಳ್ಳುತ್ತವೆ ಎಂದರು. ಆದರೆ ಅದಕ್ಕೆ ಮುಂಚೆ ಅವ್ವನ ಮುಂದೆ ಪಾಸಾಗಬೇಕು.

ಆ ಸಂಜೆಯ ಪರೀಕ್ಷೆ ನೆನೆದರೆ ನನಗೆ ಈಗಲೂ ನಗು ಬರುತ್ತದೆ. ಶ್ರೀಧರ 'ರೂಢಿಗತ ವಿಚ್ಛೇದನ' ಎಂದು ಶುರು ಮಾಡಿದ. ಅದು ಯಾವ ಊರಪ್ಪ ಎಂದು ಅವ್ವ ಕೇಳಿದರು. ಮತ್ತೆ ಶುರು ಮಾಡಿ, ಏನೂ ಹೆದರಬೇಡಿ, ಗೆಲುವು ನಿಮ್ಮದೇ ಎಂದ. ಈ ಸಲ ತಡೆದವರು ಅಕ್ಕಾರು. ಗೆಲುವು ನಿನ್ನ ಕೈಯಲ್ಲಿದೆಯೇ, ಇಲ್ಲದ್ದನ್ನು ಕೊಡಬೇಡ, ಅವನು ಕೋರ್ಟಿಗೆ ಹೋದರೆ ನಾವೂ ಹೋಗಿ ಸಾಬೀತು ಮಾಡಬೇಕಾಗುತ್ತದೆ ಎಂಬುದನ್ನೂ ಅವಳಿಗೆ ಹೇಳು ಎಂದರು. ಮೂರನೆಯ ಸಲ ಅವನು ಪುಸ್ತಕವನ್ನು ದೂರ ಇಟ್ಟು, ಅವ್ವನ ಮೊರದಿಂದ ಒಂದು ಹಿಡಿ ಶೇಂಗಾ ತೆಗೆದುಕೊಂಡು ಸುಲಿಯುತ್ತಾ ಹೇಳತೊಡಗಿದ. ಅವ್ವ ತಲೆ ಆಡಿಸಿದರು. ಕೊನೆಗೆ, ನಾಳೆ ಬೆಳಿಗ್ಗೆ ಎಲ್ಲಿಗೆ ಹೋಗಲಿ ಎಂದು ಅವ್ವ ಕೇಳುವ ಮೊದಲೇ ಅದನ್ನೂ ಹೇಳಿಬಿಟ್ಟ. ಅವ್ವ ಸುಲಿದ ಕಾಳನ್ನೆಲ್ಲ ಅವನ ಕೈಗೆ ಸುರಿದರು.

ಆವರಗೆರೆಯಲ್ಲಿ ಹನುಮವ್ವನ ಅಣ್ಣನ ಮನೆಯ ಅಂಗಳಕ್ಕೆ ಅಕ್ಕಾರು, ನಾನು, ಶ್ರೀಧರ ಹೋದೆವು. ಮುರಿಗೆಪ್ಪಜ್ಜ ಮೊದಲೇ ಬಂದು ಕೂತಿದ್ದರು. ಹಾಲಪ್ಪ ಬೇಲಿಯ ಹತ್ತಿರ ನಿಂತಿದ್ದ, ಒಳಗೆ ಬರಬಹುದೋ ಬಾರದೋ ಎಂಬಂತೆ. ಹನುಮವ್ವ ಹೊಸ್ತಿಲ ಒಳಗೇ ಇದ್ದಳು. ಮಗು ಅವಳ ಸೊಂಟದಿಂದ ಅಪ್ಪನ ಕಡೆಗೆ ಕೈ ಚಾಚುತ್ತಿತ್ತು.

ಶ್ರೀಧರ ನೆಲದ ಮೇಲೆ ಕೂತ. ಪುಸ್ತಕ ತಂದಿರಲಿಲ್ಲ.

"ಅಕ್ಕಾ, ಅವತ್ತು ನಾನು ಓದಿದ್ದು ಅರ್ಧ. ಪೂರ್ತಿ ಓದದೆ ಹೇಳಿಬಿಟ್ಟೆ. ಹಿರಿಯರು ಕಟ್ಟೆ ಮೇಲೆ ಕೂತು ಬಿಡಿಸೋ ಪದ್ಧತಿ ಹಿಂದಿನಿಂದ ಇದ್ದರೆ, ಅದನ್ನ ಹೊಸ ಕಾಯ್ದೆ ಮುಟ್ಟೋದಿಲ್ಲ. ನಿಮ್ಮಲ್ಲಿ ಇದೆ ಅಂತ ಸಾರಥಿಗೆ ಹೋಗಿ ಕೇಳ್ಕೊಂಡು ಬಂದಿದೀನಿ. ನೀವು ಹಾಲಪ್ಪನವರ ಹೆಂಡತಿ."

ಮುಂದಿನದನ್ನೂ ಮುಚ್ಚಿಡಲಿಲ್ಲ. ಆ ಮನುಷ್ಯ ಕೋರ್ಟಿಗೆ ಹೋಗಬಹುದು, ಹೋದರೆ ನಾವು ತೋರಿಸಿಕೊಡಬೇಕಾಗುತ್ತದೆ, ಅಜ್ಜ ಬಂದು ಹೇಳುತ್ತಾರೆ ಎಂದ. ನಾಳೆ ಬೆಳಿಗ್ಗೆ ನೀವು ಹರಿಹರದ ನಿಮ್ಮ ಮನೆಯಿಂದ ಎಂದಿನಂತೆ ರೈಲು ಹತ್ತಿ ಕೆಲಸಕ್ಕೆ ಬನ್ನಿ, ಗೇಟಿನಲ್ಲಿ ಅವನು ಬಂದರೆ ಒಬ್ಬರೇ ನಿಂತು ಮಾತಾಡಬೇಡಿ, ಅಕ್ಕಾರ ಕೋಣೆಗೆ ಕರೆದುಕೊಂಡು ಬನ್ನಿ ಎಂದ.

ಹನುಮವ್ವ ಮಗುವನ್ನು ಇನ್ನೊಂದು ಬಗಲಿಗೆ ಬದಲಿಸಿಕೊಂಡಳು. ಆಮೇಲೆ ಕೇಳಿದಳು:

"ನಾಳೆ ಇನ್ನೊಬ್ರು ಬಂದು ಇನ್ನೊಂದ್ ಹಾಳಿ ಓದಿದ್ರೆ?"

ಇದು ಅವ್ವನ ಪರೀಕ್ಷೆಯಲ್ಲಿ ಬಂದಿರಲಿಲ್ಲ. ನಾನು ಅಕ್ಕಾರ ಕಡೆ ನೋಡಿದೆ. ಅವರು ಕನ್ನಡಕವನ್ನು ಮಡಿಲಲ್ಲಿ ಇಟ್ಟುಕೊಂಡು ಅಂಗಳದ ಕೋಳಿಗಳನ್ನು ನೋಡುತ್ತಿದ್ದರು. ನೆರವಿಗೆ ಬರಲಿಲ್ಲ. ಶ್ರೀಧರ ಹನುಮವ್ವನ ಕಡೆಗೇ ತಿರುಗಿದ.

"ಓದಿದ್ರೆ, ಕೊನೇ ಹಾಳೆವರೆಗೆ ಓದಿದೀರ ಅಂತ ಕೇಳಿ ಅಕ್ಕ," ಎಂದ. "ನನ್ನನ್ನೂ ಹಾಗೆ ಕೇಳಬೇಕಿತ್ತು."

ಮುರಿಗೆಪ್ಪಜ್ಜ ಹೂಂ ಎಂದರು. ಹನುಮವ್ವ ಹೊಸ್ತಿಲು ದಾಟಿದಳು. ಯಾರ ಕಡೆಯೂ ನೋಡದೆ ಬೇಲಿಯವರೆಗೆ ನಡೆದು ಮಗುವನ್ನು ಹಾಲಪ್ಪನ ಕೈಗೆ ಕೊಟ್ಟು, ತನ್ನ ಊಟದ ಬುತ್ತಿ ತರಲು ಮತ್ತೆ ಒಳಗೆ ಹೋದಳು. ಹಾಲಪ್ಪ ಮಗುವಿನ ಲಂಗದಲ್ಲಿ ಮುಖ ಒರೆಸಿಕೊಂಡ. ಆ ಸಂಜೆಯ ರೈಲಿಗೆ ಮೂವರೂ ಹರಿಹರಕ್ಕೆ ಹೋದರು.

ಮೊದಲ ಗಂಡ ಮತ್ತೆ ಒಮ್ಮೆ ಗೇಟಿಗೆ ಬಂದ. ಹನುಮವ್ವ ಹೇಳಿದಂತೆಯೇ ಮಾಡಿದಳು. ಒಂದೂ ಮಾತಾಡದೆ ಅವನನ್ನು ಕೋಣೆಗೆ ಕರೆತಂದಳು. ಅಲ್ಲಿ ಬೆಂಚಿನ ಮೇಲೆ ಅಕ್ಕಾರ ಪಕ್ಕ, ಅವನು ಬರುವ ಸುದ್ದಿ ಊರಲ್ಲೇ ತಿಳಿದು ಮುಂಚೆಯೇ ಬಂದಿದ್ದ ಮುರಿಗೆಪ್ಪಜ್ಜ, ತಲೆಗೆ ಹೊಸ ರುಮಾಲು. ಅಕ್ಕಾರು ತಾವೇ ಕೊಂಡು ತಂದದ್ದು. "ಎಲಿ ಹರಿದಾಗ ಅರ್ಧ ನಿನ್ ಕೈಯಾಗೇ ಇತ್ತಲ್ಲೋ. ಎಲ್ಲಿ ಹಾಕ್ದಿ?" ಎಂದು ಅಜ್ಜ ಕೇಳಿದರು. ಅಕ್ಕಾರು ಅವನನ್ನು ಗದರಿಸಲಿಲ್ಲ. ತಾಯಿಯನ್ನು ನೋಡಿಕೊಳ್ಳುವವರಿಲ್ಲದೆ ಕಷ್ಟವಾಗಿದೆಯಂತಲ್ಲ, ಕೂಡ್ರಪ್ಪ ಎಂದು ಜಾಗ ಬಿಟ್ಟರು. ಆಸ್ಪತ್ರೆಯಲ್ಲಿ ಯಾರನ್ನು ಕಾಣಬೇಕು, ಯಾವ ಹೊತ್ತಿಗೆ ಹೋದರೆ ಸಿಗುತ್ತಾರೆ ಎಂದು ಹೇಳಿ, ನಾಳೆ ಬೆಳಿಗ್ಗೆ ನೀನು ಎಲ್ಲಿಗೆ ಹೋಗಬೇಕು ಎಂಬುದನ್ನು ಅವನಿಗೂ ತಿಳಿಸಿ ಕಳಿಸಿದರು. ಅವನು ಪೊಲೀಸಿಗೂ ಹೋಗಲಿಲ್ಲ, ಕೋರ್ಟಿಗೂ ಹೋಗಲಿಲ್ಲ.

ನಮ್ಮ ತಿಂಗಳುಗಳು ಮುಗಿದವು. ಕಾಲೇಜಿಗೆ ಕಳಿಸಬೇಕಾದ ಅಭಿಪ್ರಾಯದಲ್ಲಿ ಅಕ್ಕಾರು ಶ್ರೀಧರನ ತಪ್ಪನ್ನು ಬರೆದರೋ ಇಲ್ಲವೋ ನನಗೆ ತಿಳಿಯದು. ಅವನು ಮುಂದೆ ಕಾರ್ಮಿಕ ಇಲಾಖೆ ಸೇರಿ ಒಳ್ಳೆಯ ಹೆಸರು ಪಡೆದ. ಅವನ ಕಚೇರಿಯಲ್ಲೂ ಮೇಜು ಗೋಡೆಗೆ ಒತ್ತಿಕೊಂಡಿರುತ್ತಿತ್ತೆಂದು ನೋಡಿದವರು ಹೇಳಿದ್ದಾರೆ. ನಾನು ಕಲಿಸುವ ಕೆಲಸ ಹಿಡಿದೆ. ನೀವು ಯಾರ ಹತ್ತಿರ ಕಲಿತವರು ಎಂದು ಯಾರಾದರೂ ಕೇಳಿದರೆ ನಾನು ವಿಶ್ವವಿದ್ಯಾಲಯದ ಹೆಸರು ಹೇಳುವುದಿಲ್ಲ. ದಾವಣಗೆರೆಯ ಒಂದು ಜಗಲಿಯ ಮೇಲೆ ಎನ್ನುತ್ತೇನೆ. ಹಾಗೆ ಹೇಳುವಾಗ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ಕೆಲವು ವರ್ಷಗಳ ಮೇಲೆ ನನ್ನದೇ ವಿದ್ಯಾರ್ಥಿನಿಯೊಬ್ಬಳನ್ನು ಅಕ್ಕಾರ ಬಳಿ ಬಿಡಲು ಹೋದೆ. ಅಷ್ಟರಲ್ಲಿ ಅವ್ವ ತೀರಿಕೊಂಡಿದ್ದರು. ಕಂಬದ ಬುಡ ಬರಿದಾಗಿರುತ್ತದೆ, ಹೇಗೆ ನೋಡುವುದು ಎಂದುಕೊಂಡೇ ಓಣಿ ತಿರುಗಿದೆ. ಭಟ್ಟಿಗಳಲ್ಲಿ ಮರಳು ಕಾಯುತ್ತಿತ್ತು. ಜಗಲಿಯ ಮೇಲೆ ಕಂಬಕ್ಕೆ ಬೆನ್ನು ಕೊಟ್ಟು ಹನುಮವ್ವ ಕೂತಿದ್ದಳು, ಮಡಿಲ ಮುಂದೆ ಶೇಂಗಾದ ಮೊರ. ಗಿರಣಿ ಬಿಟ್ಟ ಮೇಲೆ ಹರಿಹರದ ರೈಲಿಗೆ ಇನ್ನೂ ಹೊತ್ತಿರುತ್ತಿತ್ತು. ಆ ಹೊತ್ತನ್ನು ಅವಳು ಅಲ್ಲಿ ಕಳೆಯುತ್ತಿದ್ದಳಂತೆ. ಅವ್ವ ಹೋದ ಮೇಲೆ ಅಕ್ಕಾರೇ ಕೇಳಿಕೊಂಡಿದ್ದರಂತೆ.

ಅಕ್ಕಾರು ನನ್ನ ಹುಡುಗಿಗೆ ಕೂಡ್ರವ್ವ ಎಂದರು. ಯಾವುದಾದರೂ ಒಂದು ಕಾಯ್ದೆಯನ್ನು ಹನುಮವ್ವನಿಗೆ ಹೇಳಲು ಹೇಳಿದರು. ಹುಡುಗಿ ಜಾಣೆ. ಉಸಿರು ಬಿಡದೆ ಹೇಳಿ ಮುಗಿಸಿದಳು. ಹನುಮವ್ವ ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಸಿಪ್ಪೆಯನ್ನು ಊದಿ, ಹುಡುಗಿಯ ಮುಖ ನೋಡಿದಳು.

"ಕೊನೇ ಹಾಳಿವರೆಗೂ ಓದಿಯೇನವ್ವಾ?" ಎಂದು ಕೇಳಿದಳು.

ಹುಡುಗಿ ನನ್ನ ಕಡೆ ತಿರುಗಿದಳು. ನಾನು ಮೊರದಿಂದ ಒಂದು ಹಿಡಿ ಶೇಂಗಾ ತೆಗೆದುಕೊಂಡೆ. ಅವಳು ಪುಸ್ತಕ ತೆರೆದು ಕೊನೆಯ ಕಡೆಯ ಹಾಳೆಗಳನ್ನು ಮಗುಚತೊಡಗಿದಳು.